ಸರ್ವರ್ ಮೇಲಿನ ನಿಂಬೆಹೋಳು

ಹಸಿರು ದೀಪ ಮಿಣುಕುತ್ತಲೇ ಇದೆ, ಮೂರಕ್ಕೆ ಮೂರೂ ಹಸಿರು, ಪರದೆಯ ಮೂಲೆಯಲ್ಲಿ ಎಲ್ಲವೂ ಸರಿಯಿದೆ ಎನ್ನುವ ಹಸಿರು, ಸುಳ್ಳು ಬೊಗಳುತ್ತದೆ ಇದು, ಎಂದುಕೊಂಡಳು ಪ್ರಿಯದರ್ಶಿನಿ, ಸರಿಯಿದ್ದರೆ ಮುದ್ದೇಬಿಹಾಳ ಯಾಕೆ ಮಾತಾಡುತ್ತಿಲ್ಲ — ಮತ್ತೆ ಪಿಂಗ್ ಕೊಟ್ಟಳು, ಇಂಡಿ ಊರಿನ ಈ ಆಸ್ಪತ್ರೆಯ ಸರ್ವರಿನಿಂದ ಮುದ್ದೇಬಿಹಾಳದ ಡಯಾಲಿಸಿಸ್ ಕೇಂದ್ರಕ್ಕೆ ಒಂದು ಸಣ್ಣ ಕೂಗು, ಇದ್ದೀಯಾ ಎಂದು ಕೇಳುವ ಕೂಗು, ಉತ್ತರವಿಲ್ಲ, ಉತ್ತರವಿಲ್ಲ, ಉತ್ತರವಿಲ್ಲ. ಮೊಬೈಲು ಮೇಜಿನ ಮೇಲೆ ಗುರುಗುಟ್ಟಿತು, ಅಲ್ಲಿನ ಟೆಕ್ನೀಷಿಯನ್ ಸಿದ್ಧರಾಮ, ಮೇಡಂ ಬಂತೇನ್ರಿ, ಇನ್ನೂ ಇಲ್ಲಪ್ಪಾ, ತಿಪ್ಪವ್ವಜ್ಜಿ ಖುರ್ಚಿ ಮ್ಯಾಗ ಕುಂತು ತೇಕಾಕತ್ತಾಳ್ರಿ, ಕಾಲು ಬಾತಾವು, ಅಮಾಸಿ ಅಂತ ನಿನ್ನಿ ಪಾಳಿ ಬ್ಯಾರೆ ತಪ್ಪಿಸ್ಯಾಳ, ಹಂಗಾರ ಮಷೀನಿಗೆ ಹಚ್ಚೋ ಮಾರಾಯಾ, ಹೆಬ್ಬಟ್ಟು ಸರ್ವರಿಗೆ ಹೋಗದs ಹಚ್ಚಂಗಿಲ್ಲ ಅಂತ ಮ್ಯಾನೇಜರ್ ಬಸಂತರಾಯ ಸಾಹೇಬರು ಹೇಳ್ಯಾರಲ್ರಿ, ನಾ ಹೇಳಾಕತ್ತೇನಿ ಹಚ್ಚು, ಕೇಳಿದ್ರ ನನ್ನ ಹೆಸರ ಹೇಳು, ನಿಮ್ಮ ಹೆಸರ ಹೇಳಿದ್ರ ನನ್ನ ನೌಕರಿ ಉಳೀತೈತೇನ್ರಿ ಮೇಡಂ — ಫೋನು ಇಟ್ಟ, ಅಥವಾ ಅವಳೇ ಇಟ್ಟಳು, ಹಲ್ಲು ಕಚ್ಚಿ ಹಿಡಿದದ್ದಕ್ಕೆ ದವಡೆ ನೋಯುತ್ತಿದೆ. ಮೂತ್ರಪಿಂಡ ಕೈಕೊಟ್ಟ ಮುದುಕಿ ಬದುಕಬೇಕಾದರೆ ಮೊದಲು ಅವಳ ಹೆಬ್ಬೆಟ್ಟಿನ ಗುರುತು ಇಂಡಿಯ ಸರ್ವರಿಗೆ ಬರಬೇಕು, ಇದ್ಯಾವ ನ್ಯಾಯ. ಆ ಹೆಬ್ಬೆಟ್ಟೂ ಗೊತ್ತು ಅವಳಿಗೆ, ಹೆಬ್ಬೆಟ್ಟಿನ ಮಷೀನು ಕೂಡಿಸಲು ಹೋದ ದಿನ ಹತ್ತು ಸಲ ಒತ್ತಿದ ಮೇಲಷ್ಟೇ ಗೆರೆ ಮೂಡಿದ ಹೆಬ್ಬೆಟ್ಟು, ತಿಪ್ಪವ್ವ ಅದನ್ನು ಸೆರಗಿಗೆ ಒರೆಸಿ ನಕ್ಕಿದ್ದಳು, ಜ್ವಾಳಾ ಕಿತ್ತು ಕಿತ್ತು ಸವದಾವ ಯವ್ವಾ, ಗೆರಿ ಎಲ್ಲಿಂದ ತರ್ಲಿ, ನಕ್ಕು ಸಂಚಿಯಿಂದ ನಿಂಬೆಹೋಳು ತೆಗೆದು ನಾಲಗೆಗೆ ಒತ್ತಿಕೊಂಡಿದ್ದಳು, ನೀರ ಭಾಳ ಕುಡಿಬ್ಯಾಡ ಅಂದಾರ ಡಾಕ್ಟರು, ಬಾಯಿ ಒಣಗಿದ್ರ ಇದನ್ನ ನೆಕ್ಕೋದು, ನಿಮ್ಮ ಇಂಡೀದs ನೋಡು, ರಸ ಭಾಳ — ಹಳದಿ ಹೋಳು, ಅದರ ಮೇಲೆ ಹಲ್ಲಿಲ್ಲದ ಬಾಯಿ. ಆಮೇಲೆ ಅಗರಖೇಡದ ತೋಟದಿಂದ ಅಪ್ಪ ತಂದ ನಿಂಬೆಯ ಚೀಲದಲ್ಲಿ ಅರ್ಧ ಆಫೀಸಿನಲ್ಲಿ ಹಂಚಿ, ಅರ್ಧ ಮುದ್ದೇಬಿಹಾಳದ ಬಸ್ಸಿಗೆ ಹಾಕಿ ಕಳಿಸಿದ್ದಳು. ನಿಂಬೆ ಮುಟ್ಟುತ್ತದೆ, ಪಿಂಗ್ ಮುಟ್ಟುವುದಿಲ್ಲ.

ರೂಟಿಂಗ್ ಟೇಬಲ್ ತೆರೆದಳು, ಯಾವ ಊರಿಗೆ ಯಾವ ದಾರಿ ಎಂದು ಸರ್ವರ್ ಬರೆದಿಟ್ಟುಕೊಂಡ ಪಟ್ಟಿ, ಸಿಂದಗಿಗೆ ತಂತಿ ಸಿಕ್ಕಿಸುವ ಒಂದನೆಯ ಪೋರ್ಟು, ಬಾಗೇವಾಡಿಗೆ ಎರಡನೆಯದು, ಮುದ್ದೇಬಿಹಾಳಕ್ಕೆ ಮೂರನೆಯದು, ಒಂದಕ್ಷರವೂ ತಪ್ಪಿಲ್ಲ, ತಾನೇ ಬರೆದದ್ದು, ಹಬ್ಬಕ್ಕೆ ಹೋಗುವ ಮುಂಚೆ ನೋಡಿಯೇ ಹೋದದ್ದು. ಲೈನು ಕೊಟ್ಟ ಕಂಪನಿಯವನು ಫೋನಿನಲ್ಲಿ ನಮ್ಮ ಕಡಿಂದ ಎಲ್ಲಾ ಬರೋಬ್ಬರಿ ಐತ್ರಿ ಅನ್ನುತ್ತಾನೆ, ಹಿಂದಿನಿಂದ ಬಸಂತರಾಯ, ಈ ಆಸ್ಪತ್ರೆಯ ಮ್ಯಾನೇಜರ್, ಚಹಾದ ಕಪ್ಪು ಹಿಡಿದು ಬಂದು ನಿಂತವನು, ನಿಮ್ಮ ಸೆಟ್ಟಿಂಗs ತಪ್ಪಿರಬೇಕು ನೋಡ್ರಿ ಮೇಡಂ, ಎಳ್ಳಮಾಸಿಗೆ ಚರಗಾ ಚೆಲ್ಲಾಕ ಹೋಗಿದ್ರಲ್ಲಾ, ತಲಿ ಇನ್ನೂ ಹೊಲದಾಗs ಐತಿ. ಹೊಲ, ಹೌದು, ನಿನ್ನೆ ಇಷ್ಟೊತ್ತಿಗೆ ಹೊಲದಲ್ಲಿ ಸಜ್ಜಿರೊಟ್ಟಿ, ಭಜ್ಜಿಪಲ್ಯ, ಬಿಸಿಲು, ಬದುವಿನ ಮೇಲೆ ಅಪ್ಪ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲುತ್ತ ಹುಲ್ಲುಲ್ಲಿಗೋ ಎಂದು ಕೂಗುತ್ತಿದ್ದ, ಅತ್ತ ಯಾರೋ ಚಳಾಂಬ್ರಿಗೋ ಅಂದರು, ಕೂಗಿದರೆ ಉತ್ತರ ಬರುತ್ತಿತ್ತು, ಇಲ್ಲಿ ಇವನ ಬಾಯಿಂದ ಮಾತ್ರ ಬರುತ್ತದೆ. ಸಿಂದಗಿಗೆ ಪಿಂಗ್ ಕೊಟ್ಟಳು, ತಟ್ಟನೆ ಉತ್ತರ. ಸಿಟ್ಟಿಗೇ ಬಾಗೇವಾಡಿಗೂ ಕೊಟ್ಟಳು, ಅಲ್ಲಿ ಇವತ್ತು ಪಾಳಿ ಇಲ್ಲ, ಕೇಂದ್ರ ಬಂದ್, ಆದರೂ ಅಲ್ಲಿನ ನೆಟ್‌ವರ್ಕ್ ಪೆಟ್ಟಿಗೆ ಉತ್ತರ ಕೊಡಬೇಕು — ಇಲ್ಲ. ಬಾಗೇವಾಡಿಯೂ ಸತ್ತಿದೆ, ಯಾರೂ ಫೋನ್ ಮಾಡಿಲ್ಲ ಅಷ್ಟೇ. ಎರಡೂ ಒಮ್ಮೆಲೇ, ಪಕ್ಕಪಕ್ಕದ ಪೋರ್ಟುಗಳು, ದೀಪ ಮಾತ್ರ ಹಸಿರು, ಅಂದರೆ ತಂತಿಗೆ ಜೀವವಿದೆ, ದಾರಿ ಮಾತ್ರ — ತಿರುಗಿ ಕೇಳಿದಳು, ಸರ್, ನಾ ಇಲ್ಲದಾಗ ಸರ್ವರ್ ರೂಮಿಗೆ ಯಾರ ಹೋಗಿದ್ರು. ಯಾರ ಹೋಗತಾರ, ಅಮಾಸಿ ಪೂಜಾ ಮಾಡೀವಿ ಅಷ್ಟ, ಎಲ್ಲಾ ಮಷೀನಿಗೂ ಮಾಡತೇವಲ್ಲಾ, ಜನರೇಟರಿಗೆ, ಎಕ್ಸರೇಕ್ಕ, ಇದs ಒಂದ ಉಳದಿತ್ತು, ಬಂದ್ ಮಾಡಿ, ವಾಯರ್ ತಗದು, ಹಸಿ ಅರಿವೀಲೆ ಒರಸಿ, ಮತ್ತ ಹಾಕೀವಿ, ನಾನs ಕೈಯಾರೆ ಹಾಕೇನಿ. ನಾನೇ ಕೈಯಾರೆ. ಎದ್ದಳು, ಕುರ್ಚಿ ಹಿಂದಕ್ಕೆ ಉರುಳಿತು, ಕೀಲಿ ಕೊಡ್ರಿ, ಸಾವಕಾಶ ಮೇಡಂ, ಚಹಾ ಕುಡದು ನಾನs ಬಂದು ತಗೀತೇನಿ, ಕೀಲಿ ಕೊಡ್ರಿ ಅಂದೆ, ಚಪ್ಪಲ್ ಬಿಟ್ಟು ಹೋಗ್ರಿ ಮತ್ತ.

ಚಪ್ಪಲಿ ಬಿಡಲಿಲ್ಲ. ಕೋಣೆಯಲ್ಲಿ ಊದುಬತ್ತಿಯ ವಾಸನೆ, ಚೆಂಡುಹೂವಿನ ಸರ, ಸರ್ವರಿನ ಹಣೆಗೆ ಮೂರು ಬೆರಳಿನ ವಿಭೂತಿ, ಮತ್ತು ಅದರ ನೆತ್ತಿಯ ಮೇಲೆ, ಬಿಸಿಗಾಳಿ ಹೊರಬರುವ ಕಿಂಡಿಯ ಪಕ್ಕ, ಎರಡು ಹೋಳಾದ ನಿಂಬೆ, ಕುಂಕುಮ ಮೆತ್ತಿದ್ದು. ತಂತಿಗಳಿಗೆ ತಾನು ಸುತ್ತಿದ್ದ ಚೀಟಿಗಳ ಮೇಲೆ ಊರಿನ ಹೆಸರುಗಳು ಒದ್ದೆ ಬಟ್ಟೆಗೆ ಕಲಸಿ ನೀಲಿ ಕಲೆಯಾಗಿವೆ, ಮಸುಕು ಮಸುಕಾಗಿ ಬಾಗೇ ಎಂಬುದು ಮೂರನೆಯ ಪೋರ್ಟಿನಲ್ಲಿ, ಮುದ್ದೇ ಎರಡನೆಯದರಲ್ಲಿ, ಅಷ್ಟೇ, ಇಷ್ಟಕ್ಕೆ, ಇಡೀ ಬೆಳಗು ತನ್ನ ಪಟ್ಟಿಯಲ್ಲೇ ತಪ್ಪು ಹುಡುಕಿದ್ದಾಯಿತು, ಸರ್ವರ್ ಮುದ್ದೇಬಿಹಾಳಕ್ಕೆ ಅಂತ ಕೂಗುತ್ತಿತ್ತು, ಕೂಗು ಬಾಗೇವಾಡಿಯ ಮುಚ್ಚಿದ ಬಾಗಿಲಿಗೆ ಹೋಗಿ ಬೀಳುತ್ತಿತ್ತು — ಎರಡೂ ಕಿತ್ತಳು, ಅದಲುಬದಲು ಮಾಡಿದಳು, ಕಟಕ್, ಕಟಕ್, ಮೊಬೈಲಿನಲ್ಲೇ ಪಿಂಗ್ ನೋಡಿದಳು, ಉತ್ತರ, ಉತ್ತರ, ಉತ್ತರ. ಬಾಗಿಲಲ್ಲಿ ಬಸಂತರಾಯ, ಚಾಲೂ ಆತಲ್ಲಾ, ನಾ ಹೇಳಿದ್ನಲ್ಲಾ, ಪೂಜಾ ಹುಸಿ ಹೋಗಂಗಿಲ್ಲ, ಲಿಂಬಿಹಣ್ಣು ಮಾತ್ರ ಮುಟ್ಟಬ್ಯಾಡ್ರಿ. ಅವನ ಮುಖ ನೋಡದೆ ಸಿದ್ಧರಾಮನಿಗೆ ಹಚ್ಚಿದಳು, ಬಂತು ನೋಡೋ, ಹೂಂ ಬಂತ್ರಿ, ಪರದೆ ಹೆಬ್ಬಟ್ಟು ಇಡು ಅನ್ನಾಕತ್ತೈತಿ, ಹಂಗಾರ ಇಡಸು, ಖುರ್ಚಿ ಖಾಲಿ ಐತ್ರಿ ಮೇಡಂ, ಅಜ್ಜಿಗಿ ದಮ್ಮು ಏರಿತು, ಈಗs ಗಾಡ್ಯಾಗ ಹಾಕಿ ಬಿಜಾಪುರಕ್ಕ ಒಯ್ದ್ರು, ಮಾತಾಡ್ತಿದ್ದಿಲ್ಲ, ಸಂಚಿ ಇಲ್ಲೇ ಬಿಟ್ಟಾಳ್ರಿ, ಏನ್ ಮಾಡ್ಲಿ ಅದನ್ನ — ಏನು ಮಾಡಲಿ, ಆ ಗಾಡಿ ಮುಚ್ಚಿದ ಬಾಗೇವಾಡಿಯನ್ನು ದಾಟಿಯೇ ಹೋಗಬೇಕು, ಬಿಸಿಲು, ಒಣಗಿದ ಬಾಯಿ, ಹಿಂದೆ ಬಸಂತರಾಯ ಇನ್ನೂ ಏನೋ ಹೇಳುತ್ತಿದ್ದಾನೆ, ಹೇಳಲಿ, ಇವನ ಕೊರಳಪಟ್ಟಿ ಹಿಡಿದು ಆ ಖಾಲಿ ಕುರ್ಚಿಯ ಮೇಲೆ, ಇಲ್ಲ, ಕೈ ಬೇರೆ ಕಡೆ ಹೋಗಿದೆ, ಸರ್ವರಿನ ನೆತ್ತಿಯ ನಿಂಬೆಹೋಳಿಗೆ, ಅಪ್ಪನ ತೋಟದ್ದೇ, ಆಫೀಸಿನಲ್ಲಿ ತಾನೇ ಹಂಚಿದ್ದು, ಬಿಸಿಗಾಳಿಗೆ ಅಂಚು ಮುರುಟಿದೆ, ಬೀಜ ಹೊರಗೆ ಬಂದಿವೆ, ರಸವೆಲ್ಲ ಕುಂಕುಮಕ್ಕೆ, ಯಾವ ನಾಲಗೆಯೂ ಮುಟ್ಟದ ಹೋಳು.