ಬಡಗಿಯನ್ನು ಕೇಳಿ

ಟಿವಿಯಲ್ಲಿ ಹಳೆಯ ಚಾಂಪಿಯನ್ ಆ ಮಾತು ಹೇಳಿ ಮುಗಿಸುವಷ್ಟರಲ್ಲಿ ಮಾವ ಎದ್ದು ಹೋಗಿ ಪ್ಲಗ್ಗನ್ನೇ ಕಿತ್ತ. ಆದರೆ ಮಾತು ಆಗಲೇ ಹೊರಗೆ ಬಿದ್ದಾಗಿತ್ತು. "ಆ ಹುಡುಗ ಅಷ್ಟು ಜನರನ್ನ ಬೀಳಿಸಿದಾನೆ, ಒಪ್ತೀನಿ. ಅವರಲ್ಲಿ ಒಬ್ಬನಾದ್ರೂ ಬಾಕ್ಸರ್ ಇದ್ನಾ ಅಂತ ಕೇಳ್ತಿದೀನಿ, ಅಷ್ಟೇ."

ತಾಲೀಮಿನ ಹಾಲಿನಲ್ಲಿ ಹಗ್ಗ ಜಿಗಿಯುತ್ತಿದ್ದವರು ಒಂದು ಗಳಿಗೆ ನಿಂತರು. ಆಮೇಲೆ ತಮಗೇನೂ ಕೇಳಿಸಿಯೇ ಇಲ್ಲವೆಂಬಂತೆ ಮತ್ತೆ ಜಿಗಿಯತೊಡಗಿದರು. ಸಿಡಿಲು ಬೆಂಚಿನ ಮೇಲೆ ಎಡಗೈ ಚಾಚಿಕೊಂಡು ಕೂತಿದ್ದ. ಕೈಗೆ ಸುತ್ತುತ್ತಿದ್ದ ಪಟ್ಟಿ ಅರ್ಧಕ್ಕೆ ನಿಂತು ಜೋತಾಡುತ್ತಿತ್ತು. ಸಿಡಿಲು ಎನ್ನುವುದು ಪೋಸ್ಟರಿನ ಹೆಸರು. ಊರೆಲ್ಲ ಅವನನ್ನು ಕರೆಯುವುದೂ ಹಾಗೆಯೇ. ಅಪ್ಪನಿಲ್ಲದ ಅವನನ್ನು ಚಿಕ್ಕಂದಿನಿಂದ ಸಾಕಿ, ಕೈಗೆ ಗ್ಲೌಸ್ ತೊಡಿಸಿ, ಇಲ್ಲಿಯವರೆಗೆ ತಂದು ನಿಲ್ಲಿಸಿದ ಸೋದರಮಾವ ಮಾತ್ರ ಇನ್ನೂ ಮರಿ ಎನ್ನುತ್ತಿದ್ದ.

ಮಾವ ವಾಪಸು ಬಂದು ಪಟ್ಟಿಯ ತುದಿ ಹಿಡಿದ. "ಹೊಟ್ಟೆಕಿಚ್ಚು," ಎಂದ. "ಬಡಗಿಯನ್ನ ಕೇಳ್ಲಿ. ಬಡಗಿ ಹೇಳ್ತಾನೆ."

ಅದು ಮಾವನ ಹಳೆಯ ಮಾತು. ಸಿಡಿಲಿನ ಎದುರು ನಿಂತವರಲ್ಲಿ ಮುಕ್ಕಾಲುಪಾಲು ಜನ ಮೊದಲ ಸುತ್ತಿನಲ್ಲೋ ಎರಡನೆಯದರಲ್ಲೋ ನೆಲ ಕಂಡಿದ್ದರು. ಆರನೇ ಸುತ್ತಿನವರೆಗೆ ನಿಂತವನು ಬಡಗಿಯೊಬ್ಬನೇ. ಒಂದು ಕಾಲಕ್ಕೆ ದೊಡ್ಡ ದೊಡ್ಡವರ ಬೆವರಿಳಿಸಿದ ಮನುಷ್ಯ. ಪತ್ರಿಕೆಯವರು ಅಡ್ಡಪ್ರಶ್ನೆ ಹಾಕಿದಾಗಲೆಲ್ಲ ಮಾವ ಅವನತ್ತ ಕೈ ತೋರಿಸಿ ಬಾಯಿ ಮುಚ್ಚಿಸುತ್ತಿದ್ದ. ಇಷ್ಟು ವರ್ಷದಲ್ಲಿ ಯಾರೂ ಹೋಗಿ ಕೇಳಿರಲಿಲ್ಲ.

ಟಿವಿಯವನ ಮಾತನ್ನು ಸಿಡಿಲು ಮೈಮೇಲಿನ ಧೂಳಿನಂತೆ ಕೊಡವಿಕೊಳ್ಳುತ್ತಿದ್ದನೇನೋ. ಅವನನ್ನು ಕಾಡಿದ್ದು ಮಾವ. ಮುಂದಿನ ತಿಂಗಳು ಪಟ್ಟದ ಪಂದ್ಯ. ಎದುರಾಳಿ ಬಂದರಿನಲ್ಲಿ ಮೂಟೆ ಹೊತ್ತು ಬೆಳೆದವನು, ಎಲ್ಲರೂ ಬಂದರಿನವ ಎಂದೇ ಕರೆಯುತ್ತಿದ್ದರು. ಅಲ್ಲಿಯವರೆಗೆ ಪ್ರತಿ ಎದುರಾಳಿಯನ್ನೂ ಮಾವನೇ ಹುಡುಕಿ, ಅಳೆದು ಸುರಿದು ಆರಿಸಿದ್ದ. ಈ ಸಲ ಆ ಆಯ್ಕೆ ಬಾಕ್ಸಿಂಗ್ ಸಂಘದವರ ಕೈಯಲ್ಲಿತ್ತು. ಆಗಿನಿಂದ ಮಾವ ಬಾಗಿಲು ಹಾಕಿಕೊಂಡು, ಬಂದರಿನವನ ಹಳೆಯ ಪಂದ್ಯಗಳನ್ನು ಸದ್ದಡಗಿಸಿ ನೋಡುತ್ತಿದ್ದ; ಸಿಡಿಲು ಒಳಗೆ ಬಂದರೆ ತಟ್ಟನೆ ಆರಿಸುತ್ತಿದ್ದ. ಎರಡು ದಿನದಿಂದ ಹೊಸ ರಾಗ ಬೇರೆ ಶುರುವಾಗಿತ್ತು: ನಿನ್ನ ಭುಜ ಯಾಕೋ ಸರಿಯಿಲ್ಲ, ಪಂದ್ಯ ಮುಂದಕ್ಕೆ ಹಾಕೋಣ ಅಂತ. ಭುಜಕ್ಕೆ ಏನೂ ಆಗಿರಲಿಲ್ಲ. ಆಪರೇಷನ್ನಿಗೆ ಕರೆದೊಯ್ಯುವ ಸ್ಟ್ರೆಚರಿನ ಪಕ್ಕ ನಡೆಯುವವರು ನೋಡುತ್ತಾರಲ್ಲ, ಮಾವ ಅವನನ್ನು ಹಾಗೆ ನೋಡುತ್ತಿದ್ದ.

ಮಾರನೆಯ ದಿನ ಅಭ್ಯಾಸಕ್ಕೆ ಓಡಿ ಬರುತ್ತೇನೆಂದು ಮಾವನಿಗೆ ಹೇಳಿ ಹೊರಟ ಸಿಡಿಲು ಬಸ್ಸು ಹತ್ತಿದ.

ಬಡಗಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮನೆಯ ಮುಂಭಾಗವೇ ಕೆಲಸದ ಕೊಟ್ಟಿಗೆ. ಒಳಗೆ ಮರದ ಹೊಟ್ಟಿನ ವಾಸನೆ. ಗೋಡೆಯ ಮೇಲೆ ಉಳಿ, ಗರಗಸಗಳು ಸಾಲಾಗಿ ತೂಗುತ್ತಿದ್ದವು, ಒಂದೊಂದರ ಮೇಲೂ ಧೂಳು. ಬಡಗಿ ಕಿಟಕಿಯ ಪಕ್ಕ ಕೂತು ಕುರ್ಚಿಯ ಕಾಲೊಂದಕ್ಕೆ ಸ್ಯಾಂಡ್‌ಪೇಪರ್ ಉಜ್ಜುತ್ತಿದ್ದ. ಉಜ್ಜಿ ಉಜ್ಜಿ ಆ ಕಾಲು ಬೆರಳಿನಷ್ಟು ಸಣ್ಣದಾಗಿತ್ತು.

"ಬನ್ನಿ ಬನ್ನಿ," ಎಂದ ನಗುತ್ತ. "ಬೀರು ಅಲ್ವಾ? ಇನ್ನೊಂದು ವಾರ ಕೊಡಿ, ಬಾಗಿಲು ಒಂದು ಬಾಕಿ."

ಕೊಟ್ಟಿಗೆಯಲ್ಲಿ ಬೀರು ಇರಲಿಲ್ಲ. ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ ಬಡಗಿಯ ಹೆಂಡತಿ ಸಿಡಿಲನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಗುರುತು ಸಿಕ್ಕಿತೆಂಬುದು ಅವಳ ಮುಖದಲ್ಲೇ ಇತ್ತು. ಕೂತ್ಕೊಳ್ಳಿ ಎಂದಳು. ಆ ದನಿ ಎಷ್ಟು ಸಮವಾಗಿತ್ತೆಂದರೆ, ಇದರ ಬದಲು ಬಾಯಿಗೆ ಬಂದಂತೆ ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಪ್ರಶ್ನೆಯನ್ನು ಅವನು ಕೇಳಿದ. ನನ್ನ ಗುದ್ದು ಹೇಗಿತ್ತು ಅಣ್ಣ, ಮುಲಾಜಿಲ್ಲದೆ ಹೇಳಿ. ಬಡಗಿ ಗಿರಾಕಿಯ ಮಾತು ಅರ್ಥವಾಗದವನಂತೆ ಮರ್ಯಾದೆಯಿಂದ ನೋಡಿದ. ನೆನಪು ತರಿಸೋಣವೆಂದು ಸಿಡಿಲು ಎದ್ದು, ಮುಷ್ಟಿ ಎತ್ತಿ, ರಿಂಗಿನಲ್ಲಿ ನಿಲ್ಲುವಂತೆ ನಿಂತು ಗಾಳಿಗೆ ಒಂದು ಎಡಗೈ ಬಿಟ್ಟ.

ಕುರ್ಚಿಯ ಕಾಲು ನೆಲಕ್ಕೆ ಬಿತ್ತು. ಬಡಗಿ ಯಾವಾಗ ಎದ್ದ, ಯಾವಾಗ ತನ್ನ ಕೈಗಳ ಒಳಗೆ ನುಗ್ಗಿದ ಎಂಬುದೇ ಸಿಡಿಲಿಗೆ ತಿಳಿಯಲಿಲ್ಲ. ಬಡಗಿಯ ಗದ್ದ ಎದೆಗೆ ಅಂಟಿತ್ತು, ಕಣ್ಣು ಚೂಪಾಗಿತ್ತು. ಅವನ ಬಲಗೈ ಮುಷ್ಟಿ ಸಿಡಿಲಿನ ಪಕ್ಕೆಲುಬಿನ ಕೆಳಗೆ ಮೆತ್ತಗೆ ಬಂದು ಕೂತಿತ್ತು.

"ಎಡಗೈ ಬಿಟ್ಟು ವಾಪಸು ತರೋವಾಗ ಮೊಣಕೈ ಮೇಲೇಳುತ್ತೆ," ಎಂದ ಬಡಗಿ. "ಇಲ್ಲಿ ಪೂರ್ತಿ ತೆರೆದುಬಿಟ್ಟಿದೀಯ. ಯಾರೂ ಹೇಳ್ಲಿಲ್ವಾ ನಿಂಗೆ?"

ಮರುಕ್ಷಣ ಕಣ್ಣಿನ ಬೆಳಕು ಹೋಯಿತು. ತನ್ನ ಮುಷ್ಟಿಯನ್ನು ತಾನೇ ನೋಡಿಕೊಂಡ. ಆಮೇಲೆ ಸುತ್ತಮುತ್ತ ಏನನ್ನೋ ತಡಕಾಡತೊಡಗಿದ. ಹೆಂಡತಿ ಬಗ್ಗಿ ಕುರ್ಚಿಯ ಕಾಲನ್ನೆತ್ತಿ ಅವನ ಕೈಗಿಟ್ಟಳು. ಸರಸರ ಸದ್ದು ಮತ್ತೆ ಶುರುವಾಯಿತು.

ಸಿಡಿಲು ಹೊರಗೆ ಬಂದಾಗ ಅವಳೂ ಹಿಂದೆಯೇ ಬಂದಳು. ಅವನು ಅವಳತ್ತ ತಿರುಗಿದ. "ನನ್ನಿಂದ ಹೀಗಾಯ್ತಾ ಅಕ್ಕ?"

"ನಿಮ್ಮಿಂದ ಅಂದುಬಿಟ್ರೆ ನಂಗೂ ಬೈಯೋಕೆ ಒಬ್ಬರು ಸಿಕ್ಕ ಹಾಗಾಗ್ತಿತ್ತು," ಎಂದಳು. "ಆದ್ರೆ ಅಲ್ಲ. ಆ ಪಂದ್ಯಕ್ಕೆ ಮುಂಚೇನೇ ಇವರು ಅಂಗಡಿಗೆ ಹೋದ್ರೆ ಮನೆ ದಾರಿ ಮರೀತಿದ್ರು. ನಿಮ್ಮ ಮಾವ ಬಂದಾಗ ಹೇಳ್ದೆ. ಮುಚ್ಚಿಡ್ಲಿಲ್ಲ. ಅವರು ಇವರ ಕೈಗೆ ಒಂದು ಅಂಗಿ ಕೊಟ್ಟು, ಹಾಕ್ಕೊಳ್ಳಿ ನೋಡೋಣ ಅಂದ್ರು. ಇವರು ತೋಳು ಎಲ್ಲಿದೆ ಅಂತ ಹುಡುಕ್ತಾನೇ ಇದ್ರು. ನಿಮ್ಮ ಮಾವ ಸುಮ್ಮನೆ ನಿಂತು ನೋಡಿದ್ರು. ಆಮೇಲೆ, ಸಾಕು, ಇವರು ಆಗ್ತಾರೆ ಅಂದ್ರು." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಪರವಾಗಿಲ್ಲ, ಗಟ್ಟಿಯಾಗೇ ಇದಾರೆ ಅಂತ ಹೇಳ್ತಿದಾರೆ ಅಂದ್ಕೊಂಡೆ ನಾನು."

ಹಾಗಿದ್ದರೂ ಆರನೇ ಸುತ್ತಿನವರೆಗೆ ನಿಂತರಲ್ಲ ಎಂದ ಸಿಡಿಲು. ಅದೊಂದಾದರೂ ಉಳಿಯಲಿ ಎಂಬ ಆಸೆ ಅವನಿಗೆ.

"ಬೀಳೋದು ಮರೆತುಹೋಗಿತ್ತು ಇವರಿಗೆ."

ಅವನು ವಾಪಸು ಬಂದಾಗ ಮಧ್ಯಾಹ್ನ. ತಾಲೀಮಿನ ಹಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಮಾವ ನೆಲದಲ್ಲಿ ಕೂತು, ಸೀಳಿಹೋದ ಗುದ್ದುಚೀಲವನ್ನು ದಬ್ಬಳದಿಂದ ಹೊಲಿಯುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಸಿಡಿಲಿನ ಚಪ್ಪಲಿಗೆ ಮೆತ್ತಿದ್ದ ಮರದ ಹೊಟ್ಟನ್ನು ನೋಡಿದ, ದಾರ ಎಳೆದು ಗಂಟು ಹಾಕಿದ.

ಉಳಿದವರೂ ಹೀಗೆಯೇನಾ ಎಂದು ಸಿಡಿಲು ಕೇಳಿದ. ಮಾವ ಬಚ್ಚಿಡಲಿಲ್ಲ, ಎಷ್ಟೋ ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವನಂತೆ ತಲೆ ಬಗ್ಗಿಸಿಕೊಂಡೇ ಹೇಳುತ್ತ ಹೋದ. ಒಬ್ಬನ ಮುರಿದ ಕೈ ಸರಿಯಾಗಿ ಕೂಡಿರಲಿಲ್ಲವಂತೆ. ಇನ್ನೊಬ್ಬ ಬೆಳಿಗ್ಗೆಯೇ ಕುಡಿದು ಬರುತ್ತಿದ್ದನಂತೆ. ಎರಡನೇ ಸುತ್ತಿನಲ್ಲಿ ಉರುಳಿದ ಆ ಉದ್ದನೆಯವನಿಗೆ, ಸಿಡಿಲು ಹೆಮ್ಮೆಯಿಂದ ನೆನೆಯುತ್ತಿದ್ದ ಅವನಿಗೆ, ಒಂದು ಕಣ್ಣು ಮಸುಕಂತೆ. ಕೆಲವರು ಬರೀ ವಯಸ್ಸಾದವರು. ಒಬ್ಬಿಬ್ಬರು ಚೆನ್ನಾಗಿಯೇ ಇದ್ದರು, ಆದರೆ ಹೊಸಬರು.

"ನಿಮ್ಮಮ್ಮ ನಿನ್ನನ್ನ ನನ್ನ ಕೈಗೆ ಹಾಕುವಾಗ ಒಂದೇ ಮಾತು ಹೇಳಿದ್ಲು," ಎಂದ ಮಾವ ಕೊನೆಗೆ. "ಇವನ ಮುಖ ಹೀಗೇ ಇರ್ಬೇಕು ಅಂತ. ಇದೆಯಲ್ಲ?"

ಎದುರಿನ ಗೋಡೆಗೆ ಉದ್ದನೆಯ ಕನ್ನಡಿಯಿತ್ತು. ಸಿಡಿಲು ಅದರಲ್ಲಿ ನೋಡಿಕೊಂಡ. ನೆಟ್ಟಗಿನ ಮೂಗು, ಒಂದು ಗೀರೂ ಇಲ್ಲದ ಹುಬ್ಬು. ಅದು ತನ್ನ ಕೈಚಳಕಕ್ಕೆ ಸಿಕ್ಕ ಸರ್ಟಿಫಿಕೇಟು ಎಂದೇ ಅವನು ತಿಳಿದಿದ್ದ. ಈಗ ಆ ಮುಖ ಯಾರದೋ ಎನ್ನಿಸಿ ಅಸಹ್ಯವಾಯಿತು.

"ನಂಗೆ ಬಾಕ್ಸಿಂಗ್ ಬರುತ್ತಾ, ಮಾವ?"

ದಬ್ಬಳ ಚರ್ಮದೊಳಗೆ ಹೋದದ್ದು ಅಲ್ಲೇ ನಿಂತಿತು. "ಗೊತ್ತಿಲ್ಲ ಮರಿ," ಎಂದ ಮಾವ. "ನೋಡೋ ಧೈರ್ಯ ನಂಗೆ ಬರ್ಲೇ ಇಲ್ಲ."

ಆಮೇಲೆ ಮಾವ ಅಂಗಲಾಚಿದ. ಡಾಕ್ಟರ ಹತ್ತಿರ ಮಾತಾಡಿದ್ದೇನೆ, ಭುಜ ಕೆಟ್ಟಿದೆ ಎಂದು ಬರೆದುಕೊಡುತ್ತಾರೆ, ಗೌರವವಾಗಿ ನಿಲ್ಲಿಸಿಬಿಡೋಣ, ಸೋಲಿಲ್ಲದವನು ಎಂಬ ಹೆಸರು ಹಾಗೇ ಉಳಿಯುತ್ತದೆ ಎಂದ. ಸಿಡಿಲು ಕೇಳುತ್ತಿದ್ದ. ಆ ಹೆಸರಿನ ಕೆಳಗೆ ಜೀವಮಾನವಿಡೀ ಕೂತಿರುವುದನ್ನು ನೆನೆದಾಗ, ಬಂದರಿನವನಿಗಿಂತ ಅದೇ ಹೆಚ್ಚು ಭಯ ಹುಟ್ಟಿಸಿತು. ಭುಜ ಚೆನ್ನಾಗಿದೆ ಎಂದಷ್ಟೇ ಹೇಳಿ ಬಟ್ಟೆ ಬದಲಿಸಲು ಹೋದ.

ಉಳಿದ ದಿನಗಳಲ್ಲಿ ಮಾವ, ಮೊಣಕೈ ಮೇಲೇಳದಿರಲೆಂದು, ಅವನ ಕಂಕುಳಲ್ಲಿ ಬಟ್ಟೆಯ ಉಂಡೆ ಸಿಕ್ಕಿಸಿ, ಅದು ಬೀಳದಂತೆ ಎಡಗೈ ಬಿಡಿಸಿ ಅಭ್ಯಾಸ ಮಾಡಿಸಿದ. ಕೆಲವು ದಿನ ಉಂಡೆ ನಿಲ್ಲುತ್ತಿತ್ತು. ಕೆಲವು ದಿನ ಮತ್ತೆ ಮತ್ತೆ ನೆಲಕ್ಕೆ ಬೀಳುತ್ತಿತ್ತು. ಯಾರಾದರೊಬ್ಬರು ಬಗ್ಗಿ ಅದನ್ನು ಎತ್ತಿಕೊಳ್ಳುತ್ತಿದ್ದರು.

ಪಂದ್ಯದ ಸಂಜೆ ಬಂದರಿನವ ಯಾವ ಆರ್ಭಟವೂ ಇಲ್ಲದೆ ಹಗ್ಗದ ಸಂದಿನಿಂದ ಒಳಗೆ ಬಂದ. ಬೆಳಿಗ್ಗೆ ಪಾಳಿಗೆ ಬಂದ ಕೆಲಸಗಾರನಂತೆ ಸುತ್ತ ಒಮ್ಮೆ ನೋಡಿ, ಸಿಡಿಲಿನ ಗ್ಲೌಸಿಗೆ ಗ್ಲೌಸ್ ತಾಗಿಸಿದ. ಮೊದಲ ಸುತ್ತಿನಲ್ಲಿ ಅವನು ಹೊಡೆದದ್ದಕ್ಕಿಂತ ನೋಡಿದ್ದೇ ಹೆಚ್ಚು. ಎರಡನೇ ಸುತ್ತಿನಲ್ಲಿ ಪಕ್ಕೆಲುಬಿನ ಕೆಳಗೆ ಹೊಡೆದ.

ಸಿಡಿಲಿನ ಉಸಿರು ಎಲ್ಲಿಗೋ ಹೋಯಿತು. ಬಾಯಿ ತಾನಾಗಿಯೇ ತೆರೆದುಕೊಂಡಿತು. ತನ್ನ ಗುದ್ದು ತಿಂದ ಎಷ್ಟೋ ಮುಖಗಳ ಮೇಲೆ ಅವನು ನೋಡಿ ಒಳಗೊಳಗೇ ನಕ್ಕಿದ್ದ ಬಾಯಿ ಅದು. ಮೂರನೆಯದರಲ್ಲಿ ಮೂಗಿನಿಂದ ರಕ್ತ ಬಂತು. ಮಾವ ಹತ್ತಿ ಒತ್ತಿದ, ಕುಡಿಸಹೋದ ನೀರೆಲ್ಲ ಎದೆಯ ಮೇಲೆ ಚೆಲ್ಲಿತು.

ನಾಲ್ಕನೇ ಸುತ್ತಿನಲ್ಲಿ ಒಂದು ಘಟನೆ ನಡೆಯಿತು. ಬಂದರಿನವನ ಬಲಗೈ ಹೊರಡುವ ಮೊದಲೇ ಅದು ಬರುವುದು ಸಿಡಿಲಿಗೆ ಕಂಡಿತು. ಯಾರೂ ಕಲಿಸದ ರೀತಿಯಲ್ಲಿ ಅವನ ಸೊಂಟ ಬಾಗಿತು, ಗುದ್ದು ಕಿವಿಯ ಪಕ್ಕ ಹಾದುಹೋಯಿತು, ಅವನ ಬಲಗೈ ಕೆಳಗಿನಿಂದ ಎದ್ದು ಹೋಗಿ ದವಡೆಗೆ ಸರಿಯಾಗಿ ಕೂತಿತು. ಬಂದರಿನವನ ಮಂಡಿ ಕುಸಿದು ಮತ್ತೆ ನೆಟ್ಟಗಾಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಸಿಡಿಲನ್ನು ಮೊದಲ ಸಲ ನೋಡುವವನಂತೆ ನೋಡಿದ. ಜನರ ಕೂಗು ಸಿಡಿಲಿಗೆ ಕೇಳಿಸಲಿಲ್ಲ. ಇದ್ದೇ ಇತ್ತು, ಎಂದುಕೊಂಡ. ಒಳಗೆ ಇದ್ದೇ ಇತ್ತು.

ಬಂದರಿನವ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡ. ಮುಂದಿನ ಸುತ್ತುಗಳಲ್ಲಿ ಆತುರವಿಲ್ಲದೆ, ಒಂದೂ ಗುದ್ದು ದಂಡವಾಗದಂತೆ ಕೆಲಸ ಮಾಡಿದ. ಏಳನೆಯದು ಮುಗಿಯುವಾಗ ಸಿಡಿಲಿನ ಎಡಗಣ್ಣು ಪೂರ್ತಿ ಮುಚ್ಚಿತ್ತು, ಹುಬ್ಬು ಸೀಳಿತ್ತು. ಸ್ಟೂಲಿನ ಮೇಲೆ ಕೂತವನ ಕಿವಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಮಾವನ ಹೆಗಲ ಮೇಲೆ ಬಿಳಿ ಟವೆಲ್ ಇತ್ತು. ಅದನ್ನು ರಿಂಗಿನೊಳಗೆ ಎಸೆದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಮಾವ ಅದರ ತುದಿ ಹಿಡಿದುಕೊಂಡು, "ಸಾಕು ಮರಿ," ಎಂದ.

"ಈಗ ತಾನೇ ಶುರುವಾಗಿದೆ," ಎಂದ ಸಿಡಿಲು. ತುಟಿ ಊದಿ ಮಾತು ಒಡೆದಿತ್ತು. "ಇದೊಂದನ್ನ ನನ್ನಿಂದ ಕಿತ್ಕೋಬೇಡ."

ಮಾವ ಮೆಟ್ಟಿಲಿಳಿದು ಕೆಳಗೆ ಹೋದ. ಸಿಡಿಲು ಹಗ್ಗ ಹಿಡಿದು ಎದ್ದು ನಿಂತು, ತೆರೆದಿದ್ದ ಒಂದು ಕಣ್ಣಿನಲ್ಲಿ ಅತ್ತ ನೋಡಿದ. ಮಾವ ಟವೆಲನ್ನು ಮಡಿಸುತ್ತಿದ್ದ. ಅರ್ಧಕ್ಕೆ ಮಡಿಸಿದ, ಮತ್ತೆ ಅರ್ಧಕ್ಕೆ, ಇನ್ನು ಮಡಿಸಲಾಗದಷ್ಟು ಚಿಕ್ಕದು ಮಾಡಿದ. ಅದನ್ನು ಕುರ್ಚಿಯ ಮೇಲಿಟ್ಟು, ಅದರ ಮೇಲೆ ತಾನೇ ಕೂತು, ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಒತ್ತಿಕೊಂಡ.

ಗಂಟೆ ಹೊಡೆಯಿತು.