ಬೆಂಚಿನ ಮೇಲಿನ ಮೂರು ವರ್ಷ

ಬೆಳಗಿನ ರೈಲು ಊರಿಗಾಂ ಸ್ಟೇಷನ್ ಬಿಟ್ಟಾಗ ಆಟ ಕಲಿಸೋ ಕಾಂತರಾಜ್ ಮೇಷ್ಟ್ರು ಸುಮಿತಾಳ ಎದುರಿಗೇ ಬಂದು ಕೂತರು. ಅವಳ ಬ್ಯಾಗಿನಲ್ಲಿ ಮಗಳು ನವ್ಯಳನ್ನ ಟೀಮಿಗೆ ಕಳಿಸೋ ಒಪ್ಪಿಗೆ ಪತ್ರ ಇತ್ತು. ಹದಿನಾಲ್ಕರ ಹುಡುಗಿ, ಸಾಫ್ಟ್‌ಬಾಲ್‌ನಲ್ಲಿ ರಾಜ್ಯದ ಸೀನಿಯರ್ ಟೀಮಿಗೆ! ರಿಸರ್ವ್ ಆಟಗಾರ್ತಿಯಾದರೇನು, ಬೀದಿಯೆಲ್ಲ ಕುಣಿದಾಡಿತ್ತು. ಬಂಗಾರಪೇಟೆ ಬರೋದ್ರೊಳಗೆ ಸಹಿ ಹಾಕಿ ಮೇಷ್ಟ್ರ ಕೈಗೆ ಕೊಡಬೇಕು, ಅಷ್ಟೇ.

ಯಾಕೋ ಪೆನ್ನು ಹಿಡಿಯೋಕೆ ಮನಸ್ಸು ಬರಲಿಲ್ಲ. ಸುಮಿತಾಳನ್ನೂ ಹದಿನೇಳಕ್ಕೇ ಅದೇ ಟೀಮಿಗೆ ಸೇರಿಸಿದ್ದು ಈ ಮೇಷ್ಟ್ರೇ. ಸೇರಿ ಏನು ಬಂತು, ಮಣ್ಣು! ಮೂರು ವರ್ಷ ಬೆಂಚಿನ ಮೇಲೆ ಕೂತು ಬೇರೆಯವರ ನೀರಿನ ಬಾಟಲಿ ಕಾದಳು. ಆಡದ ಕೈ ಆಡೋದನ್ನೇ ಮರೀತು. ಈಗ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲೀತಾಳೆ. ತನ್ನಲ್ಲೇ ಕಸುವಿರಲಿಲ್ಲ ಅಂತ ಇವತ್ತಿಗೂ ನಂಬಿದ್ದಾಳೆ, ಪಾಪ.

ಮೇಷ್ಟ್ರು ಫೋನಿನಲ್ಲಿ ಮುಳುಗಿದ್ದರು. ಬೇಸ್‌ಬಾಲ್ ಗೇಮಂತೆ, ಟೀಮು ಕಟ್ಟಿ ಹುಡುಗರನ್ನ ಬೆಳೆಸೋದಂತೆ.

"ಇವ್ನನ್ನ ನೋಡಮ್ಮ, ಹತ್ತೊಂಬತ್ತು ವರ್ಸ, ಚಿನ್ನದಂಥ ಕೈ," ಅಂತ ಗೇಮಿನ ಆಟಗಾರನನ್ನ ತೋರಿಸಿದರು. "ದೊಡ್ ಟೀಮಿಗೆ ಈಗ್ಲೇ ಆಕಲ್ಲ. ಅಲ್ಲಿ ಬೆಂಚಲ್ಲಿ ಕೂತ್ರೆ ಬೆಳೆಯೋದೇ ನಿಂತೋಯ್ತದೆ. ಕೆಳಗಿನ ಟೀಮಲ್ಲಿ ದಿನಾ ಆಡ್ಲಿ, ಇನ್ನೆರಡ್ ವರ್ಸ ಕಾಯ್ತೀನಿ."

ಸುಮಿತಾ ತಟ್ಟನೆ ಮುಂದಕ್ಕೆ ಬಾಗಿದಳು.

"ಇದು ನಿಮ್ಗೆ ಯಾವಾಗಿಂದ ಗೊತ್ತು ಸಾರ್?"

"ಇದೇನು ಬ್ರಹ್ಮವಿದ್ಯೆನಾ? ಮೊದ್ಲಿಂದ್ಲೂ ಗೊತ್ತು."

"ಮತ್ತೆ ನನ್ನನ್ಯಾಕೆ ಕಳ್ಸಿದ್ರಿ?"

ಮೇಷ್ಟ್ರು ತಲೆ ಎತ್ತಲಿಲ್ಲ. "ನಮ್ಮೂರಿಂದ ಒಂದ್ ಎಸ್ರು ಓಗ್ಬೇಕಿತ್ತು. ನಿಂಗೂ ಸರ್ಟಿಫಿಕೇಟ್ ಬಂತಲ್ಲ!"

ಬಂತು, ಹಾಳಾದ್ದು! ಟ್ರಂಕಿನ ತಳದಲ್ಲಿ ಇವತ್ತಿಗೂ ಕೊಳೀತಾ ಬಿದ್ದಿದೆ. ಇಷ್ಟು ವರ್ಷ ತನ್ನನ್ನೇ ಬೈಕೊಂಡಿದ್ದು ನೆನೆದು ಅವಳು ಬ್ಯಾಗಿನಿಂದ ಪತ್ರ ತೆಗೆದಳು.

"ಫೋನಿನ ಹುಡುಗನ ಮೇಲಿರೋ ಕರುಣೆ ನನ್ಮೇಲೆ ಇರ್ಲಿಲ್ವಲ್ಲ ಸಾರ್. ನವ್ಯ ಬರಲ್ಲ. ಇಲ್ಲೇ ದಿನಾ ಆಡ್ಕೊಂಡಿರ್ತಾಳೆ," ಅಂದವಳೇ ಪತ್ರವನ್ನ ಪರಪರ ಹರಿದಳು.

"ನಿನ್ನಿಷ್ಟ," ಅಂದ ಮೇಷ್ಟ್ರು ಗೇಮು ನಿಲ್ಲಿಸಿ, ಸ್ಪೀಕರ್ ಹಾಕಿ ಇನ್ನೊಬ್ಬ ಹುಡುಗಿಯ ತಾಯಿಗೆ ಫೋನ್ ಮಾಡಿದರು. "ಮುನಿರತ್ನಮ್ಮ, ನಿನ್ ಮಗಳು ಸ್ಟೇಟ್ ಟೀಮಿಗೆ ಬಂದ್ಲು ಕಣಮ್ಮ!"

ಆ ಕಡೆ ಹೆಂಗಸು ಸಂತೋಷಕ್ಕೆ ಅಳೋಕೆ ಶುರು ಮಾಡಿದಳು. "ನೀವು ದೇವ್ರು ಸಾರ್," ಅಂದಳು.

ಹದಿನೆಂಟು ವರ್ಷದ ಹಿಂದೆ ಸುಮಿತಾಳ ತಾಯಿ ಕದಿರಮ್ಮನೂ ಇದೇ ಮಾತು ಹೇಳಿ ಮೇಷ್ಟ್ರ ಕಾಲಿಗೆ ಬಿದ್ದಿದ್ದಳು.