ತಲೆ ಮುಟ್ಟದ ಅಪ್ಪ

ಕುಡುಕರ ಮಾತು ಬೆಳಗಾದರೆ ಹೋಯಿತು ಎನ್ನುತ್ತಾರೆ. ನಮ್ಮ ಕಟಿಂಗ್ ಶಾಪಿನ ಯಜಮಾನನದು ಸಂಜೆಯವರೆಗೂ ಬಾಳುತ್ತಿರಲಿಲ್ಲ. ಬೆಳಿಗ್ಗೆ ಮಗಳ ತಲೆ ಮುಟ್ಟಿ "ಇನ್ನು ಕುಡಿಯಲ್ಲ" ಎಂದು ಆಣೆ ಹಾಕುವುದು, ದೀಪ ಹಚ್ಚುವ ಹೊತ್ತಿಗೆ ತೂರಾಡುತ್ತ ಬರುವುದು. ಹೀಗೆ ಎಷ್ಟು ಸಲವೋ! ಕೊನೆಗೆ ಮಗಳು ತಾಯಿಯ ಜೊತೆ ಚಿಕ್ಕಮ್ಮನ ಮನೆ ಸೇರಿದಳು. ಎರಡು ವರ್ಷವಾಯಿತು.

ಈಗ ಅವನು ಅಂಗಡಿ ನಡೆಸುತ್ತಲೇ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಕುಡಿತ ಬಿಡುವ ಚಿಕಿತ್ಸೆ ಪಡೆಯುತ್ತಿದ್ದಾನೆ. ಮಗಳು ಅಂಗಡಿಯ ಮುಂದಿನಿಂದಲೇ ಕಾಲೇಜಿಗೆ ಹೋಗುತ್ತಾಳೆ, ಕಣ್ಣೆತ್ತಿ ನೋಡುವುದಿಲ್ಲ. ಮುಂಗೂದಲನ್ನು ತಾನೇ ಕತ್ತರಿಸಿಕೊಂಡಿದ್ದಾಳೆ, ಎಡಕ್ಕೆ ಸೊಟ್ಟ. ಊರವರ ಕೂದಲನ್ನೆಲ್ಲ ಒಪ್ಪ ಮಾಡುವವನಿಗೆ ಅದನ್ನು ಕಂಡಾಗಲೆಲ್ಲ ಕೈ ತಾನಾಗಿ ಕತ್ತರಿಯತ್ತ ಹೋಗುತ್ತದೆ. ಮೊದಲೆಲ್ಲ ಅವಳು ಅಪ್ಪನ ಕತ್ತರಿಗೆ ಬಿಟ್ಟು ಬೇರೆಯವರಿಗೆ ತಲೆ ಕೊಟ್ಟವಳೇ ಅಲ್ಲ.

ವಾರದ ತಪಾಸಣೆಗೆ ಹೋದಾಗ ನರ್ಸಮ್ಮನ ಮುಂದೆ ತೋಡಿಕೊಂಡ.

"ಇದೊಂದು ಸಲ ಅವಳ ತಲೆ ಮುಟ್ಟಿ ಆಣೆ ಹಾಕ್ತೀನಿ ಸಿಸ್ಟರ್. ಈ ಸಲ ನಿಜ."

"ಅಯ್ಯೋ ಅಣ್ಣ, ಆ ತಲೆಗೆ ಇನ್ನೂ ಎಷ್ಟು ಆಣೆ ಹೊರಿಸ್ತೀರಿ? ಕುಡಿತ ಒಂದು ಕಾಯಿಲೆ. ಸಕ್ಕರೆ ಕಾಯಿಲೆಯವರು ಆಣೆ ಹಾಕ್ತಾರಾ? ಮಾತ್ರೆ ತಗೋತಾರೆ, ತಪಾಸಣೆಗೆ ಬರ್ತಾರೆ. ನೀವು ಇದ್ದದ್ದು ಇದ್ದ ಹಾಗೆ ಹೇಳಿ."

"ನಡುವೆ ಒಂದು ದಿನ ಕುಡಿದಿದ್ದೂ ಹೇಳಬೇಕಾ?"

"ಅದನ್ನೇ ಮೊದಲು ಹೇಳಿ."

"ಕೇಳಿ ಎದ್ದು ಹೋದ್ರೆ?"

"ಹೋಗಬಹುದು. ಸುಳ್ಳು ಕೇಳಿ ಆಗಲೇ ಹೋಗಿದ್ದಾಳಲ್ಲ."

ಅವನು ಮಗಳ ಚಿಕ್ಕಮ್ಮನಿಗೆ ಫೋನ್ ಮಾಡಿ, "ಒಂದೇ ಒಂದು ಸಲ ಬಂದು ಹೋಗು ಅನ್ನು" ಎಂದು ಬೇಡಿಕೊಂಡ. ಭಾನುವಾರ ಮಧ್ಯಾಹ್ನ ಮಗಳು ಅಂಗಡಿಗೆ ಬಂದಳು. ಅವನು ಎದ್ದು ನಿಂತದ್ದೇ ತಡ, ಮತ್ತೆ ಮುಟ್ಟಿ ಆಣೆ ಹಾಕಿಯಾನೆಂದು ಅವಳು ಎರಡು ಹೆಜ್ಜೆ ಹಿಂದೆ ಸರಿದು ತಲೆಯ ಮೇಲೆ ಕೈ ಅಡ್ಡ ಇಟ್ಟುಕೊಂಡಳು. ಅವನಿಗೆ ಅರ್ಥವಾಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಆಣೆ ಹಾಕಲ್ಲಮ್ಮ. ಚಿಕಿತ್ಸೆಗೆ ಸೇರಿ ಎಂಟು ತಿಂಗಳಾಯ್ತು. ನಡುವೆ ಒಂದು ದಿನ ಕುಡಿದೆ. ಮಾರನೇ ದಿನವೇ ಆಸ್ಪತ್ರೆಗೆ ಓಡಿದೆ. ಇವತ್ತು ಕುಡಿದಿಲ್ಲ. ನಾಳೆ ಹತ್ತು ಗಂಟೆಗೆ ತಪಾಸಣೆ ಇದೆ."

ಕೇಳದೆಯೇ ತಪ್ಪು ಒಪ್ಪಿಕೊಂಡ ಅಪ್ಪನನ್ನು ಅವಳು ನೋಡಿದ್ದು ಇದೇ ಮೊದಲು. ತಲೆಯ ಮೇಲಿನ ಕೈ ಇಳಿಸಿದಳು.

"ನಾಳೆ ನಾನೂ ಬರ್ತೀನಿ. ಮನೆಗಲ್ಲ, ಆಸ್ಪತ್ರೆಗೆ ಮಾತ್ರ."

"ಅಷ್ಟು ಸಾಕಮ್ಮ," ಎಂದ ಅಪ್ಪ, ಬೆನ್ನ ಹಿಂದೆ ಕಟ್ಟಿದ ಕೈ ಬಿಡದೆ.

ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಕುಡಿಯುವವರಿದ್ದರೆ ಆಣೆ ಹಾಕಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದಿನವೂ ಕುಡಿಯುವವರು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಎಡವಿದರೆ ಮತ್ತೆ ಹೋಗಿ, ನಾಚಿಕೆ ಬೇಡ. ಕುಡಿಯುವ ನೀವೇ ಇದನ್ನು ಕೇಳುತ್ತಿದ್ದರೆ, ಇವತ್ತೇ ಹೊರಡಿ. ನೀವು ಸರಿಹೋಗುವ ತನಕ ಮಕ್ಕಳು ಚಿಕ್ಕವರಾಗಿಯೇ ಕಾಯುತ್ತಾ ಕೂರುವುದಿಲ್ಲ.